ಗೋಡೆ ಬಿದ್ದ ಮನೆಯ ಪಿಯಾನೋ

ಮಾರ್ಸೆಲ್ಲಾ ಓಲ್ದಾನಿ ತನ್ನ ಆಯುಷ್ಯದ ಬಹುಪಾಲನ್ನು ಸೇಂಟ್ ಲೂಯಿಸ್ ಊರಿನ ಪಿಯಾನೋಗಳಿಗೆ ಶ್ರುತಿ ಕೂಡಿಸುವುದರಲ್ಲೇ ಕಳೆದವಳು. ಯಾವ ಬೀದಿಯ ಯಾವ ಮನೆಯಲ್ಲಿ ಎಂಥ ಪಿಯಾನೋ ಇದೆ, ಚಳಿ ಬಿದ್ದ ಕೂಡಲೇ ಅದರ ಯಾವ ತಂತಿ ಇಳಿಯುತ್ತದೆ, ಯಾವ ಕೋಣೆಯಲ್ಲಿ ಸ್ವರ ಬಹಳ ಹೊತ್ತು ನಿಲ್ಲುತ್ತದೆ, ಯಾವ ಕೋಣೆ ಅದನ್ನು ನುಂಗಿ ನೀರು ಕುಡಿಯುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ. ಆದರೆ ಆ ಮನೆಗಳನ್ನೇ ಬೀದಿಯಲ್ಲಿ ನಿಲ್ಲಿಸಿ ತೋರಿಸಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. ಕಾರು ನಿಲ್ಲಿಸಿ, ಉಪಕರಣದ ಚೀಲ ಎತ್ತಿಕೊಂಡು, ಮೆಟ್ಟಿಲು ಎಡವದ ಹಾಗೆ ನೆಲ ನೋಡುತ್ತ ಒಳಗೆ ಹೋಗುವುದು, ಕಣ್ಣು ಮುಚ್ಚಿಕೊಂಡು ಕೆಲಸ ಮಾಡುವುದು, ಹಾಗೇ ನೆಲ ನೋಡುತ್ತ ಹೊರಗೆ ಬರುವುದು. ಊರು ಅವಳ ಪಾಲಿಗೆ ಒಳಗಿನಿಂದ ಮಾತ್ರ ಇತ್ತು. ಮದುವೆಯ ಯೋಚನೆ ಬಂದಾಗಲೆಲ್ಲ ಯಾರದೋ ಮನೆಯ ಪಿಯಾನೋ ಕೆಟ್ಟು ಕೂರುತ್ತಿತ್ತು ಎಂದು ಅವಳೇ ನಗುತ್ತಿದ್ದಳು. ಹಿಲ್ ಬಡಾವಣೆಯಲ್ಲಿ, ಅವಳ ಅಜ್ಜ ಇಟಲಿಯಿಂದ ಬಂದು ಕಟ್ಟಿಸಿದ ಪುಟ್ಟ ಮನೆಯಲ್ಲಿ ಒಬ್ಬಳೇ ಇದ್ದಳು.

ಅರವತ್ತು ದಾಟಿದ ಮೇಲೆ ಕಿವಿ ಕೈಕೊಟ್ಟಿತು. ಪೂರ್ತಿ ಅಲ್ಲ. ಮಾತು ಕೇಳುತ್ತಿತ್ತು, ಕೆಳಗಿನ ಸ್ವರಗಳು, ನಡುವಿನವು ಎಲ್ಲ ಕೇಳುತ್ತಿದ್ದವು. ಮೇಲಿನ ತುದಿಯಲ್ಲಿ ಮಾತ್ರ ಯಾರೋ ಮೆಲ್ಲಗೆ ಪರದೆ ಎಳೆಯುತ್ತ ಬಂದ ಹಾಗೆ. ಮೊದಲು ಹೋದದ್ದು ಜೀರುಂಡೆಗಳ ಸದ್ದು. ಆಮೇಲೆ ಪಿಯಾನೋದ ಬಲಗಡೆಯ ಕೊನೆಯಲ್ಲಿ ಬೆರಳಿಂದ ಒತ್ತುವ ಪಟ್ಟಿಗಳ ಸ್ವರ. ಒಂದು ದಿನ ಹಳೇ ಗಿರಾಕಿಯೊಬ್ಬಳು ಕಾಫಿ ಕೊಡುತ್ತ, "ಮೇಲಿನ ತಂತಿಗಳು ಇನ್ನೂ ಸ್ವಲ್ಪ ಕಿತ್ತಾಡ್ತಿವೆ ಅನ್ಸುತ್ತೆ, ಮಾರ್ಸೆಲ್ಲಾ" ಎಂದಳು. ಮಾರ್ಸೆಲ್ಲಾ ಮತ್ತೆ ಕೂತು ಆಲಿಸಿದಳು. ಪಿಯಾನೋದೊಳಗಿನ ಮರದ ಸುತ್ತಿಗೆ ತಂತಿಗೆ ತಾಗಿದ ಟಕ್ ಎಂಬ ಸದ್ದು ಮಾತ್ರ ಕೇಳಿತು. ಆ ಮನೆಯಿಂದ ಬಂದವಳು ಚೀಲವನ್ನು ಕಪಾಟಿನಲ್ಲಿಟ್ಟಳು.

ಆಮೇಲೆ ನಡೆಯುವುದಕ್ಕೆ ಶುರುಮಾಡಿದಳು. ಏಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ಕೈಗೆ ಕೆಲಸವಿಲ್ಲ, ಕಾಲಿಗಾದರೂ ಇರಲಿ ಎಂದಿರಬೇಕು. ಅರ್ಧ ಕೇಳಿಸುವ ಕಿವಿಯಲ್ಲಿ ಊರು ನೀರಿನ ಅಡಿಯಲ್ಲಿದ್ದಂತೆ ಮೆತ್ತಗಾಗಿತ್ತು. ಆ ಮೆತ್ತನೆಯಲ್ಲಿ ಮೊಟ್ಟಮೊದಲ ಬಾರಿಗೆ ತಲೆ ಎತ್ತಿ ನೋಡಿದಳು.

ಇಟ್ಟಿಗೆ. ಎಲ್ಲಿ ನೋಡಿದರೂ ಇಟ್ಟಿಗೆ. ಕೆಂಪು ಎಂದರೆ ಒಂದೇ ಕೆಂಪಲ್ಲ. ಬೇಯಿಸಿದ ಬೀಟ್‌ರೂಟಿನ ಕೆಂಪು, ತುಕ್ಕಿನ ಕೆಂಪು, ಒಲೆಯೊಳಗೆ ಆರುತ್ತಿರುವ ಕೆಂಡದ ಕೆಂಪು. ಲಫಾಯೆಟ್ ಉದ್ಯಾನದ ಸುತ್ತಿನ ಮನೆಗಳು ಬೀದಿಗೆ ಬಿಳಿ ಕಲ್ಲಿನ ಮುಖ ತೋರಿಸಿ, ಪಕ್ಕದ ಓಣಿಯಲ್ಲಿ ಮಾತ್ರ ತಮ್ಮ ಇಟ್ಟಿಗೆಯ ಮೈ ಬಿಟ್ಟುಕೊಂಡು ನಿಂತಿದ್ದವು, ಮುಂದೆ ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕಿದವರ ಹಾಗೆ. ಸೂಲಾರ್ಡ್ ಕಡೆ ಒಂದೇ ಪಕ್ಕಕ್ಕೆ ಮಾಡು ಇಳಿದ ಮನೆಗಳಿದ್ದವು. ಇಡೀ ಮನೆಯನ್ನು ನಡುವೆ ಕೊಯ್ದು ಅರ್ಧವನ್ನು ಯಾರೋ ಒಯ್ದಂತೆ. ಕಿಟಕಿಗಳ ನೆತ್ತಿಯ ಮೇಲೆ ಕಮಾನು, ಕಮಾನಿನ ಮೇಲೆ ಸುಟ್ಟ ಮಣ್ಣಿನ ಎಲೆ, ಎಲೆಯ ನಡುವೆ ಯಾರದೋ ಮುಖ. ಬಿಯರಿಗೆ ಧಾನ್ಯ ಬೇಯುವ ಸಿಹಿ ವಾಸನೆ ನದಿಯ ಕಡೆಯಿಂದ ಬಂದು ಈ ಮುಖಗಳ ಮೇಲೆ ಹಾದುಹೋಗುತ್ತಿತ್ತು.

ಅವಳೊಂದು ಆಟ ಕಟ್ಟಿಕೊಂಡಳು. ಮನೆಯೊಂದರ ಎದುರು ನಿಂತು, ಒಳಗಿನ ಪಿಯಾನೋ ಯಾವುದಿರಬಹುದು ಎಂದು ಊಹಿಸುವುದು. ಎತ್ತರದ ಕಿಟಕಿ ಇದ್ದರೆ ಕೋಣೆಯ ಮಾಳಿಗೆ ಎತ್ತರ. ಸ್ವರ ಮೇಲೆ ಹೋಗಿ ತಡವಾಗಿ ಹಿಂದಿರುಗುತ್ತದೆ. ಹೀಗೆ ಹೊರಗಿನಿಂದ ಒಳಗಿನ ಸದ್ದಿಗೆ ದಾರಿ ಹುಡುಕುತ್ತ ಹೋಗುವಾಗ ಕೆಲವೊಮ್ಮೆ ತಟ್ಟನೆ ಹೊಳೆಯುತ್ತಿತ್ತು: ಈ ಮನೆಗೆ ನಾನು ಬಂದಿದ್ದೇನೆ, ಎಷ್ಟೋ ಸಲ. ಬಾಗಿಲ ಬಣ್ಣ ಬದಲಾಗಿದೆ, ಅಷ್ಟೆ. ಆಗ ಮನೆಯೇ ಅವಳನ್ನು ಮೊದಲು ಗುರುತು ಹಿಡಿದು ಸುಮ್ಮನೆ ಕಾಯುತ್ತಿತ್ತೇನೋ ಅನ್ನಿಸುತ್ತಿತ್ತು.

ಮೇ ತಿಂಗಳಲ್ಲಿ ಸುಂಟರಗಾಳಿ ಬಂತು. ಮಾರ್ಸೆಲ್ಲಾ ನೆಲಮಾಳಿಗೆಯಲ್ಲಿ ಅಜ್ಜನ ಕಾಲದ ದ್ರಾಕ್ಷಾರಸದ ಪೀಪಾಯಿಗೆ ಒರಗಿ ಕೂತಿದ್ದಳು. ಹಿಲ್ ಕಡೆ ಒಂದಷ್ಟು ಕೊಂಬೆ ಮುರಿದವು, ಅಷ್ಟೆ. ಊರಿನ ಉತ್ತರ ಭಾಗವನ್ನು ಗಾಳಿ ಸೀಳಿಕೊಂಡು ಹೋಯಿತು. ರೇಡಿಯೋದಲ್ಲಿ ಬೀದಿಗಳ ಹೆಸರು ಓದುತ್ತಿದ್ದರು. ಒಂದೊಂದು ಹೆಸರಿಗೂ ಅವಳಿಗೊಂದು ಪಿಯಾನೋ ನೆನಪಾಗುತ್ತಿತ್ತು.

ಕೆಲವು ದಿನ ಬಿಟ್ಟು, ರಸ್ತೆಗಳು ತೆರೆದ ಮೇಲೆ, ಬಸ್ಸು ಹಿಡಿದು ಡೆಲ್ಮಾರ್ ರಸ್ತೆಯ ತನಕ ಹೋಗಿ, ಅಲ್ಲಿಂದ ಉತ್ತರಕ್ಕೆ ನಡೆದಳು. ಹಿಲ್‌ನವರು ಆ ರಸ್ತೆ ದಾಟಿ ಕಪ್ಪು ಜನರ ಬೀದಿಗಳಿಗೆ ಹೋಗುವುದು ಅಪರೂಪ. ಅವಳು ದಾಟುತ್ತಲೇ ಬಂದವಳು. ಪಿಯಾನೋ ಎಲ್ಲ ಕಡೆಯೂ ಇತ್ತಲ್ಲ. ಮರಗಳು ಬುಡಮೇಲಾಗಿದ್ದವು. ಮರವಿಲ್ಲದ ಬೀದಿಯಲ್ಲಿ ಬಿಸಿಲು ಎಗ್ಗಿಲ್ಲದೆ ಸುರಿಯುತ್ತಿತ್ತು. ಮಾಡು ಹಾರಿಹೋದ ಮನೆಗಳ ಮೇಲೆ ನೀಲಿ ತಾಡಪಾಲು ಉಸಿರಾಡುತ್ತಿತ್ತು. ಮೂಲೆ ತಿರುಗಿದಾಗ ಅವಳು ನಿಂತುಬಿಟ್ಟಳು.

ಖಾಲಿ ನಿವೇಶನದ ಪಕ್ಕದಲ್ಲಿ ಎರಡಂತಸ್ತಿನ ಮನೆ. ಅದರ ಪಕ್ಕದ ಗೋಡೆ ಅಡಿಯಿಂದ ಮುಡಿಯವರೆಗೆ ಕಳಚಿ ಹುಲ್ಲಿನ ಮೇಲೆ ರಾಶಿ ಬಿದ್ದಿತ್ತು. ಮಾಡು ಹಾಗೇ ಇತ್ತು, ಮುಂದಿನ ಗೋಡೆ ಹಾಗೇ ಇತ್ತು. ಒಳಗಿನ ಕೋಣೆಗಳೆಲ್ಲ ಗೂಡಂಗಡಿಯ ಖಾನೆಗಳಂತೆ ಬಿಸಿಲಿಗೆ ತೆರೆದುಕೊಂಡಿದ್ದವು. ಕೆಳಗೆ ಅಡುಗೆಮನೆ, ಒಲೆಯ ಮೇಲೆ ಬಾಣಲೆ. ನಡುವೆ ಮೆಟ್ಟಿಲು, ಬಣ್ಣದ ಗಾಜಿನ ಕಿಟಕಿ ಒಡೆದು ಅದರ ಮೇಲೆ ಬಿದ್ದ ಕೆನ್ನೀಲಿ ಚೂರುಗಳು. ಮೇಲೆ ಹಳದಿ ಬಣ್ಣದ ಬಚ್ಚಲುಮನೆ. ಅದರ ಪಕ್ಕದ ಕೋಣೆಯಲ್ಲಿ, ಮುರಿದ ನೆಲದ ಅಂಚಿನಿಂದ ಒಂದು ಮಾರು ಒಳಗೆ, ಹೂಬಳ್ಳಿಯ ಕಾಗದ ಅಂಟಿಸಿದ ಒಳಗೋಡೆಗೆ ಒರಗಿ ಒಂದು ನಿಲುವು ಪಿಯಾನೋ. ಅದರ ಮೇಲೆ ಯಾರೋ ಹಳದಿ ಮಳೆಕೋಟು ಹೊದಿಸಿದ್ದರು.

ಆ ಕಾಗದದ ಹೂಬಳ್ಳಿಯನ್ನು ಅವಳು ಬಲ್ಲಳು. ಶ್ರುತಿ ಮಾಡುವಾಗ ಕಣ್ಣು ತೆರೆದರೆ ಮೂಗಿನ ಮುಂದೆಯೇ ಇರುತ್ತಿತ್ತು. ಮಿಸೆಸ್ ಆರ್ಡೀಲಿಯಾ ಟಿಬ್ಸ್ ಅವರ ಮನೆ. ವಸಂತದಲ್ಲೊಮ್ಮೆ, ಎಲೆ ಉದುರುವಾಗ ಒಮ್ಮೆ ಬರುತ್ತಿದ್ದಳು. ತಾನು ಕೂರುತ್ತಿದ್ದ ಜಾಗವನ್ನು ಅವಳೀಗ ಹೊರಗಿನಿಂದ, ಆಕಾಶದ ಕಡೆಯಿಂದ ನೋಡುತ್ತಿದ್ದಳು. ನಿದ್ದೆಯಲ್ಲಿ ನಮ್ಮನ್ನು ನಾವೇ ಮೇಲಿನಿಂದ ನೋಡುತ್ತೇವಲ್ಲ, ಹಾಗೆ. ಕೋಣೆ ತೀರ ಚಿಕ್ಕದಾಗಿ, ತೀರ ಒಂಟಿಯಾಗಿ ಕಂಡಿತು.

"ಯಾರಮ್ಮ ನೀವು? ವಿಮೆಯವರಾ?"

ಇಟ್ಟಿಗೆ ರಾಶಿಯ ಆಚೆ, ಮಡಚುವ ಕುರ್ಚಿಯ ಮೇಲೆ ಕೂತಿದ್ದ ಎತ್ತರದ ಮನುಷ್ಯ ಕೇಳಿದ. ಕಪ್ಪು ಮುಖ, ಬಿಳಿ ಗಡ್ಡ, ಸುಣ್ಣ ತಾಗಿ ತಾಗಿ ಒರಟಾದ ದೊಡ್ಡ ಕೈಗಳು.

"ಅಲ್ಲ. ನಾನು ಪಿಯಾನೋದವಳು."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಮಿಸ್ ಮಾರ್ಸೆಲ್ಲಾ. ಹೌದಲ್ವಾ? ನೀವು ಬರೋ ದಿನ ಮನೇಲಿ ಯಾರೂ ಕೆಮ್ಮೋ ಹಾಗಿರ್ಲಿಲ್ಲ. ಆರ್ಡೀಲಿಯಾ ನನ್ನನ್ನ ಬೆಳಿಗ್ಗೇನೇ ಹೊರಗೆ ಅಟ್ಟಿಬಿಡೋಳು."

ಅವನು ಲೂಷಿಯಸ್ ಟಿಬ್ಸ್, ಆರ್ಡೀಲಿಯಾಳ ಗಂಡ. ಅಷ್ಟು ವರ್ಷ ಆ ಮನೆಗೆ ಬಂದು ಹೋದರೂ ಮಾರ್ಸೆಲ್ಲಾ ನೋಡಿದ್ದು ಬಾಗಿಲ ಬಳಿ ಇರುತ್ತಿದ್ದ, ಗಾರೆ ಮೆತ್ತಿದ ಅವನ ಬೂಟುಗಳನ್ನು ಮಾತ್ರ.

"ಅವರು ಹೇಗಿದಾರೆ?"

"ಎಂಟು ವರ್ಷ ಆಯ್ತು ಹೋಗಿ" ಎಂದ ಲೂಷಿಯಸ್. "ಆಮೇಲೆ ನಿಮ್ಮನ್ನ ಕರೀಬೇಕು ಅಂತ ಹೊಳೀಲೇ ಇಲ್ಲ. ಬಾರಿಸೋರು ಯಾರು?"

"ಲೂಷಿಯಸ್, ಆಯಮ್ಮಂಗೆ ಕೂರೋಕೆ ಏನಾದ್ರೂ ಹಾಕೋ. ಗೋಡೆ ಬಿದ್ರೆ ಮರ್ಯಾದೇನೂ ಬಿದ್ದೋಯ್ತಾ?" ಎಂದು ಪಕ್ಕದ ಮನೆಯ ಜಗಲಿಯಿಂದ ಹೆಂಗಸೊಬ್ಬಳ ದನಿ ಬಂತು. ಅವಳು ವರ್ಲೀನ್ ಸ್ಟೋಕ್ಸ್. ಆರ್ಡೀಲಿಯಾ ಚರ್ಚಿನಲ್ಲಿ ಪಿಯಾನೋ ನುಡಿಸುವಾಗ ಅವಳ ಪಕ್ಕದಲ್ಲಿ ನಿಂತು ಹಾಡುತ್ತಿದ್ದವಳು. ತನ್ನ ಮನೆಯ ಕುರ್ಚಿಯನ್ನೇ ಎತ್ತಿಕೊಂಡು ಬಂದಳು, ಇನ್ನೊಂದು ಕೈಯಲ್ಲಿ ಸಕ್ಕರೆ ಹಾಕಿದ ತಣ್ಣನೆಯ ಚಹಾ. "ಕುಡೀರಿ. ಇವನು ಊರೋರ ಗೋಡೆಗೆಲ್ಲ ಗಾರೆ ತುಂಬಿದ. ತನ್ನದನ್ನ ಗಾಳಿಗೆ ಕೊಟ್ಟು ಕೂತಿದಾನೆ ನೋಡಿ."

ಲೂಷಿಯಸ್ ಇಟ್ಟಿಗೆ ರಾಶಿಯ ಕಡೆ ತಿರುಗಿದ. ಮಾತು ಎಲ್ಲಿ ತಾಗಿತೆಂದು ವರ್ಲೀನಳಿಗೂ ತಿಳಿಯಿತೇನೋ, ತಕ್ಷಣ ದನಿ ಬದಲಿಸಿದಳು. "ಮೂವತ್ತು ವರ್ಷ ಪಕ್ಕದಲ್ಲೇ ಇದ್ದೆ, ಮಿಸ್ ಮಾರ್ಸೆಲ್ಲಾ. ಇವನ ಬಚ್ಚಲುಮನೆ ಮೊಟ್ಟೆ ಹಳದಿ ಬಣ್ಣ ಅಂತ ಗೊತ್ತಿರ್ಲಿಲ್ಲ. ಈಗ ಬಸ್ಸಲ್ಲಿ ಹೋಗೋರಿಗೂ ಗೊತ್ತು."

"ಬಣ್ಣ ಆರ್ಡೀಲಿಯಾದು" ಎಂದ ಲೂಷಿಯಸ್.

"ಅದು ನಂಗೊತ್ತು. ನೀನಾಗಿದ್ರೆ ಬೂದಿ ಬಣ್ಣ ಹೊಡೀತಿದ್ದೆ."

ಸ್ವಲ್ಪ ಹೊತ್ತಿನ ಮೇಲೆ, ವರ್ಲೀನ್ ಒಳಗೆ ಹೋದಾಗ, ಅವನು ತಾನಾಗಿಯೇ ಹೇಳಿದ. "ಈ ಗೋಡೆ ಸಂದುಗಳನ್ನ ನಾನೇ ಕೆರೆದು ನಾನೇ ಗಾರೆ ತುಂಬಿದ್ದು. ಸುಣ್ಣದ ಗಾರೆ, ಹದವಾಗಿ. ಗಾಳಿ ಹೊರಗಿಂದ ತಳ್ಳಲಿಲ್ಲ ಕಣ್ರೀ. ಹೀರ್ಕೊಳ್ತು. ನಾನು ನೆಲಮಾಳಿಗೇಲಿದ್ದೆ. ಮೇಲೆ ಬಂದು ನೋಡ್ತೀನಿ, ಮೆಟ್ಟಿಲ ಮೇಲೆ ಬಿಸಿಲು. ಆ ಮೆಟ್ಟಿಲ ಮೇಲೆ ಯಾವತ್ತೂ ಬಿಸಿಲು ಬಿದ್ದಿರ್ಲಿಲ್ಲ. ಒಂದು ಗಳಿಗೆ ಚೆನ್ನಾಗಿದೆ ಅನ್ನಿಸ್ತು. ಆಮೇಲೆ ಅರ್ಥ ಆಯ್ತು."

ಮಾರ್ಸೆಲ್ಲಾ ಕೈಗೆ ಸಿಕ್ಕಿದ ಇಟ್ಟಿಗೆಯೊಂದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಅದು ಬಿಸಿಲಿಗೆ ಬೆಚ್ಚಗಾಗಿತ್ತು, ಮಲಗಿದ ಬೆಕ್ಕಿನ ಹಾಗೆ. "ನನ್ನಜ್ಜ ಹಿಲ್ ಅಡಿಯ ಜೇಡಿಮಣ್ಣಿನ ಗಣೀಲಿ ಕೆಲಸ ಮಾಡ್ತಿದ್ದ" ಎಂದಳು. "ಮಣ್ಣು ಅಗೆದು ಮೇಲೆ ಕಳಿಸೋನು. ಅದು ಏನಾಗುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಅವನು ನೋಡಿದ್ದೇ ಇಲ್ಲ."

"ಹಾಗಿದ್ರೆ ನೀವು ನೋಡಿ" ಎಂದ ಅವನು. ಅಷ್ಟೂ ಹೊತ್ತಿನಲ್ಲಿ ಮೊದಲ ಬಾರಿಗೆ ನಕ್ಕ.

ಮರುದಿನವೂ ಬಂದಳು, ಅದರ ಮರುದಿನವೂ. ಇಟ್ಟಿಗೆಗಳಿಗೆ ಅಂಟಿದ ಹಳೇ ಗಾರೆಯನ್ನು ಸಣ್ಣ ಸುತ್ತಿಗೆಯಲ್ಲಿ ಉದುರಿಸಿ ಪೇರಿಸುವ ಕೆಲಸ. ಬಿರುಕು ಬಿಟ್ಟವನ್ನು ಬೇರೆ ಇಡಬೇಕು. ಕಣ್ಣಿಗೆ ಕಾಣದ ಬಿರುಕನ್ನು ಹೇಗೆ ಹಿಡಿಯುವುದೆಂದು ಲೂಷಿಯಸ್ ತೋರಿಸಿದ: ಇಟ್ಟಿಗೆಯನ್ನು ಅಂಗೈ ಮೇಲೆ ಹಗುರವಾಗಿಟ್ಟು ಸುತ್ತಿಗೆ ತಾಗಿಸಿದರೆ ಗಟ್ಟಿ ಇಟ್ಟಿಗೆ ಠಣ್ಣೆನ್ನುತ್ತದೆ, ಒಡಕಿನದು ಮಂಕಾಗಿ ಗೊಣಗುತ್ತದೆ. ಆ ಸದ್ದು ಅವಳ ಕಿವಿಗೆ ಎಟುಕುವ ಎತ್ತರದಲ್ಲೇ ಇತ್ತು. ಮೊದಲನೆಯದು ಠಣ್ಣೆಂದಾಗ ಅವಳ ಭುಜಗಳು ತಾವಾಗಿ ಸಡಿಲಾದವು. ಒಂದೊಂದಕ್ಕೂ ಬೇರೆ ಬೇರೆ ಸ್ವರ. ದಿನವಿಡೀ ಹುಲ್ಲಿನ ಮೇಲೆ ಕೂತು ಗೋಡೆಯನ್ನು ಸ್ವರ ಸ್ವರವಾಗಿ ಆರಿಸಿದಳು. ಸಂಜೆ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಆ ಗೋಡೆ ಇನ್ನೂ ಕಟ್ಟದೆಯೇ ಅವಳೊಳಗೆ ಎದ್ದು ನಿಂತು ನುಡಿಯುತ್ತಿತ್ತು.

ಒಂದು ಮುಂಜಾನೆ ಅವಳು ಬರುವಷ್ಟರಲ್ಲಿ ಲಾರಿಯೊಂದು ನಿವೇಶನದ ಪಕ್ಕ ನಿಂತಿತ್ತು. ಬಿದ್ದ ಮನೆಗಳ ಹಳೇ ಇಟ್ಟಿಗೆಯನ್ನು ಹೊತ್ತೊಯ್ದು ದಕ್ಷಿಣದ ರಾಜ್ಯಗಳಲ್ಲಿ ಮಾರುವವರು ಊರಿಗೆ ಹೊಸಬರಲ್ಲ. ಇಬ್ಬರು ಪೇರಿಸಿಟ್ಟ ಸಾಲಿಗೇ ಕೈಹಾಕಿದ್ದರು. ವರ್ಲೀನ್ ರಾತ್ರಿಯ ಅಂಗಿಯಲ್ಲೇ ಜಗಲಿಗೆ ಬಂದು ನಿಂತಳು.

"ಏನಪ್ಪ, ಸಹಾಯಕ್ಕೆ ಬಂದಿರಾ?"

"ಇಲ್ಲಿ ಯಾರೂ ಇಲ್ಲ ಅಂದ್ಕೊಂಡ್ವಿ" ಎಂದ ಒಬ್ಬ.

"ಯಾರೂ ಇಲ್ದೇ ಇಟ್ಟಿಗೆ ತಾವೇ ಗಾರೆ ಉದುರಿಸ್ಕೊಂಡು, ತಾವೇ ಸಾಲಾಗಿ ಹತ್ಕೊಂಡು ಕೂತ್ವಾ? ನಿಮ್ಮಮ್ಮನ ಹೆಸರೇನು ಮಗ? ಯಾವ ಚರ್ಚಿಗೆ ಹೋಗ್ತಾಳೆ?"

ಇಬ್ಬರೂ ಲಾರಿಯೊಳಗೆ ಹಾಕಿದ್ದನ್ನು ಒಂದೊಂದಾಗಿ ಇಳಿಸಿ, ತಲೆ ತಗ್ಗಿಸಿ ಹೊರಟುಹೋದರು. "ಎಲ್ಲರಿಗೂ ಒಬ್ಬ ಅಮ್ಮ ಇರ್ತಾಳೆ" ಎಂದು ವರ್ಲೀನ್ ಒಳಗೆ ಹೋಗಿ ಕಾಫಿಗಿಟ್ಟಳು.

ಭಾನುವಾರ ಚರ್ಚು ಮುಗಿದ ಮೇಲೆ ಲೂಷಿಯಸ್ ಕೆಲಸ ಮಾಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಇಬ್ಬರೂ ನಡೆಯಲು ಹೋಗುವುದು ರೂಢಿಯಾಯಿತು. ಅವನಿಗೆ ಊರೆಂದರೆ ಹೊರಮೈ: ಈ ಗೋಡೆಯ ಸಂದಿಗೆ ನಾನು ಗಾರೆ ತುಂಬಿದೆ, ಆ ಹೊಗೆಗೊಳವೆ ಹತ್ತುವಾಗ ಜಾರಿದ್ದೆ, ಈ ಮೂಲೆಯಂಗಡಿಯ ಕಮಾನು ನೋಡಿ, ಕಟ್ಟಿದವನಿಗೆ ಆ ದಿನ ಮನಸ್ಸು ಖುಷಿಯಾಗಿತ್ತು. ಅಷ್ಟು ಮನೆಗಳಲ್ಲಿ ಕೆಲಸ ಮಾಡಿದವನು ಒಳಗೆ ಕಾಲಿಟ್ಟಿದ್ದು ಬೆರಳೆಣಿಕೆಯಷ್ಟು ಸಲ. ನೀರು ಬೇಕಾದರೂ ಹಿತ್ತಲ ಬಾಗಿಲಿಗೇ ತಂದು ಕೊಡುತ್ತಿದ್ದರು. ಆದ್ದರಿಂದ ಅವನು ಹೊರಗನ್ನು ಹೇಳುತ್ತಿದ್ದ, ಅವಳು ಒಳಗನ್ನು.

"ಈ ಗೋಡೆ ಹಿಂದೆ ಏನಿದೆ?"

"ಊಟದ ಕೋಣೆ. ಓಕ್ ಮರದ ಹಲಗೆ, ಮೊಣಕಾಲೆತ್ತರಕ್ಕೆ. ಪಿಯಾನೋ ಕಿಟಕಿ ಹತ್ರ. ನೆಲ ಸ್ವಲ್ಪ ಪೂರ್ವಕ್ಕೆ ಇಳಿಜಾರು. ಪೆನ್ಸಿಲ್ ಬಿದ್ರೆ ಉರುಳ್ಕೊಂಡು ಹೋಗಿ ಯಾವಾಗ್ಲೂ ಅದೇ ಮೂಲೆ ಸೇರೋದು."

"ಇಳಿದಿರ್ಬೇಕು. ಈ ಮೂಲೆ ಅಡಿಪಾಯ ಕೂತಿದೆ, ನೋಡಿ, ಸಂದು ಸೊಟ್ಟಗಿದೆ" ಎಂದು ಅವನು ಸಂತೋಷದಿಂದ ಹೇಳಿದ. ತಾವಿಬ್ಬರೂ ಒಂದೇ ಮನೆಯ ಎರಡು ಮಗ್ಗುಲಲ್ಲಿ ಇಷ್ಟು ವರ್ಷ ಬೆನ್ನಿಗೆ ಬೆನ್ನು ಕೊಟ್ಟು ಕೆಲಸ ಮಾಡಿದ್ದೇವೆ ಎಂದು ಮಾರ್ಸೆಲ್ಲಾಗೆ ಅನ್ನಿಸಿತು.

ಪೇಟೆಯ ನಡುವಿನ ಹಳೆಯ ಕೆಂಪು ಎತ್ತರದ ಕಟ್ಟಡದ ಕೆಳಗೆ ಒಮ್ಮೆ ಬಹಳ ಹೊತ್ತು ನಿಂತರು. ನೇರ ಗೆರೆಗಳು ಮೇಲಕ್ಕೆ ಓಡಿ ಓಡಿ, ತುದಿಯಲ್ಲಿ ಒಮ್ಮೆಲೇ ಸುಟ್ಟ ಮಣ್ಣಿನ ಎಲೆ ಬಳ್ಳಿಗಳಾಗಿ ಬಿಚ್ಚಿಕೊಂಡಿದ್ದವು. ಇನ್ನೊಂದು ಬೆಳಿಗ್ಗೆ, ನದಿಯಿಂದ ಮಂಜು ಎದ್ದು ಬೀದಿಗಳಲ್ಲಿ ಮಲಗಿದ್ದಾಗ, ಉತ್ತರದ ಹಳೇ ನೀರಿನ ಗೋಪುರದ ಬಳಿ ಹೋದರು. ರಸ್ತೆಗಳು ಕೂಡುವ ವೃತ್ತದ ನಡುವೆ ಒಂದೇ ಒಂದು ಬಿಳಿ ಕಂಬ. ಅರಮನೆಯ ಸಾಲಿನಿಂದ ತಪ್ಪಿಸಿಕೊಂಡು ಬಂದ ಕಂಬದ ಹಾಗೆ. ತಲೆಯ ಮೇಲೆ ಎಲೆಗಳ ಕಿರೀಟ ಹೊತ್ತು, ಬೇರೇನನ್ನೂ ಹೊರದೆ ನಿಂತಿತ್ತು. ಬುಡ ಮಂಜಿನಲ್ಲಿ ಕರಗಿತ್ತು. ಕಾರುಗಳು ಸದ್ದಿಲ್ಲದೆ ಅದರ ಸುತ್ತ ತೇಲಿ ಹೋಗುತ್ತಿದ್ದವು.

"ಚಿಕ್ಕವನಿದ್ದಾಗ ಇದರ ಮೇಲೆ ಆಕಾಶ ಕೂತಿದೆ ಅಂದ್ಕೊಂಡಿದ್ದೆ" ಎಂದ ಲೂಷಿಯಸ್. "ಇದು ಬಿದ್ರೆ ಮುಗೀತು ಅಂತ. ಗಾಳಿ ಬಂದ ದಿನ ನೆಲಮಾಳಿಗೇಲಿ ಕೂತು ಅದನ್ನೇ ಯೋಚನೆ ಮಾಡ್ತಿದ್ದೆ, ನನ್ನ ಗೋಡೆ ನೆನಪೇ ಬರ್ಲಿಲ್ಲ."

ಮಾರ್ಸೆಲ್ಲಾ ಕತ್ತೆತ್ತಿ ನೋಡಿದಳು. ಮಂಜು ಸರಿದು, ಕಿರೀಟದ ಒಂದು ಪಕ್ಕಕ್ಕೆ ಬಿಸಿಲು ಹತ್ತಿತು. ಅವಳಿಗೆ ತನ್ನ ಕಿವಿಯ ವಿಷಯ ಹೇಳಬೇಕೆನ್ನಿಸಿತು. ಯಾರಿಗೂ ಹೇಳಿರಲಿಲ್ಲ, ಗಿರಾಕಿಗಳಿಗೆ ಮಂಡಿನೋವು ಎಂದಿದ್ದಳು. ಈಗ ಹೇಳಿದಳು. ಅವನು ಸಮಾಧಾನದ ಮಾತೇನೂ ಆಡಲಿಲ್ಲ.

"ಎಷ್ಟು ಮೇಲಿಂದು ಕೇಳಲ್ಲ?"

"ಕೊನೇ ಒಂದೂವರೆ ಸ್ಥಾಯಿ."

"ನಂಗೆ ಕೇಳುತ್ತೆ" ಎಂದ. ಇಬ್ಬರೂ ಮುಂದೆ ನಡೆದರು.

ಜೂನ್ ಕೊನೆಗೆ ನಗರದ ಕಟ್ಟಡ ಪರೀಕ್ಷಕಿ ಬಂದಳು. ಬಿಸಿಲಿಗೆ ಬಳಲಿದ ಹೆಂಗಸು; ಬೆಳಗಿನಿಂದ ಎಷ್ಟು ಮನೆ ನೋಡಿದ್ದಳೋ. ತೊಲೆಗಳನ್ನೆಲ್ಲ ಚುಚ್ಚಿ ನೋಡಿ, ನೆಲಕ್ಕೆ ಆಸರೆ ಕಂಬ ಕೊಟ್ಟರೆ ಮನೆ ನಿಲ್ಲುತ್ತದೆ, ಗೋಡೆ ಕಟ್ಟಬಹುದು ಎಂದಳು. ಲೂಷಿಯಸ್ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಮೇಲೆ ಒಂದು ಹೊತ್ತಿಗೆ ಇಬ್ಬರಿಗಿಂತ ಹೆಚ್ಚು ಹೋಗ್ಬೇಡಿ" ಎಂದು ಹೇಳಿ ಪರೀಕ್ಷಕಿ ಮುಂದಿನ ಮನೆಗೆ ಹೊರಟಳು. ಅವನ ಹಳೇ ಜೊತೆಗಾರರು ಬಂದು ಕಂಬಗಳನ್ನು ನಿಲ್ಲಿಸಿದರು.

ಗೋಡೆ ಏಳುವ ಮುನ್ನ ಪಿಯಾನೋ ಕೆಳಗಿಳಿಸಬೇಕೇ ಎಂಬ ಮಾತು ಬಂತು. "ಅದನ್ನ ಮೇಲೆ ಹತ್ತಿಸೋವಾಗ ಮುಂದಿನ ಕಿಟಕಿ ಚೌಕಟ್ಟನ್ನೇ ಬಿಚ್ಚಿದ್ವಿ" ಎಂದ ಲೂಷಿಯಸ್. "ಅಲ್ಲೇ ಇರ್ಲಿ. ಮಿಸ್ ಮಾರ್ಸೆಲ್ಲಾ, ಅದು ಇನ್ನೂ ಪಿಯಾನೋನಾ, ಇಲ್ಲ ಬರೀ ಮರಾನಾ, ನೀವೇ ಹೇಳ್ಬೇಕು."

ಅವಳು ಕಪಾಟಿನಿಂದ ಚೀಲ ತೆಗೆದಳು.

ಸೌಮ್ಯ ಬಿಸಿಲಿನ ಬೆಳಿಗ್ಗೆ ಅದು. ಮೆಟ್ಟಿಲು ಹತ್ತಿ ಆ ಕೋಣೆಗೆ ಬಂದಾಗ ಅವಳಿಗೆ ಎಡಗಡೆ ನೋಡಲು ಧೈರ್ಯ ಬರಲಿಲ್ಲ. ಎಡಗಡೆ ಗೋಡೆಯಿರಲಿಲ್ಲ, ಹುಲ್ಲು, ಬೀದಿ, ಮರಗಳ ಮೊಂಡು, ದೂರದಲ್ಲಿ ಚರ್ಚಿನ ಗೋಪುರ, ಅದರಾಚೆ ಬರೀ ಬೆಳಕು. ಗಾಳಿ ಹಗುರವಾಗಿ ಬಂದು ಕಾಗದದ ಹೂಬಳ್ಳಿಯ ಅಂಚನ್ನು ಎತ್ತಿ ಇಳಿಸುತ್ತಿತ್ತು. ಲೂಷಿಯಸ್ ಮಳೆಕೋಟು ತೆಗೆದ. ಅವಳು ಮುಚ್ಚಳ ಬಿಚ್ಚಿ, ಧೂಳು ಒರೆಸಿ, ಒಂದು ಪಟ್ಟಿ ಒತ್ತಿದಳು. ಪಿಯಾನೋ ತುಂಬ ಇಳಿದಿತ್ತು, ಆದರೆ ಸತ್ತಿರಲಿಲ್ಲ.

ನಡುವಿನ ಸ್ಥಾಯಿಯಿಂದ ಶುರುಮಾಡಿದಳು. ಒಂದೊಂದೇ ಬಿರಡೆ ತಿರುಗಿಸುತ್ತ, ಸ್ವರಕ್ಕೆ ಸ್ವರ ಜೋಡಿಸುತ್ತ ಕೆಳಕ್ಕೆ ಹೋದಳು, ಮೇಲಕ್ಕೆ ಬಂದಳು. ಗೋಡೆಯಿದ್ದಾಗ ಈ ಕೋಣೆ ಸ್ವರವನ್ನು ತಿರುಗಿ ಕೊಡುತ್ತಿತ್ತು. ಈಗ ಸ್ವರ ಅಂಚಿನವರೆಗೆ ಹೋಗಿ, ಅಲ್ಲಿಂದ ಹೊರಕ್ಕೆ ಕಾಲಿಟ್ಟು, ಹಿಂದಿರುಗದೆ ಹೋಗಿಬಿಡುತ್ತಿತ್ತು. ಹೊತ್ತು ಏರಿತು. ಕೊನೆಗೆ ಪರದೆ ಎಳೆದಿದ್ದ ಜಾಗಕ್ಕೆ ಬಂದಳು. ಕೈ ನಿಂತಿತು.

"ಬನ್ನಿ ಇಲ್ಲಿ" ಎಂದಳು. "ಒಂದೊಂದು ಸ್ವರಕ್ಕೂ ಮೂರು ತಂತಿ. ಮೊದಲನೇದನ್ನ ಕೆಳಗಿನ ಸ್ವರದ ಜೊತೆ ಕೇಳಿ, ಆಮೇಲೆ ಉಳಿದೆರಡನ್ನ ಅದರ ಜೊತೆ. ಜೊತೇಲಿದ್ದಾವಾ, ಜಗಳ ಆಡ್ತಿದಾವಾ ಹೇಳಿ."

ಲೂಷಿಯಸ್ ಮಂಡಿಯೂರಿ ಪಿಯಾನೋಗೆ ಕಿವಿ ಹತ್ತಿರ ತಂದ. ಅವಳು ಪಟ್ಟಿ ಒತ್ತಿದಳು. ಅವಳಿಗೆ ಕೇಳಿದ್ದು ಟಕ್.

"ಜಗಳ" ಎಂದ.

ಬಿರಡೆಯನ್ನು ಕೂದಲೆಳೆಯಷ್ಟು ಎಳೆದಳು. "ಈಗ?"

"ಜಗಳ ಅಲ್ಲ. ಗೊಣಗ್ತಾ ಇವೆ."

"ಬೇಗ ಬೇಗ ಗೊಣಗ್ತಿವೆಯಾ, ನಿಧಾನವಾ?"

"ನಿಧಾನ. ಉಯ್ಯಾಲೆ ನಿಲ್ಲೋ ಮುಂಚೆ ಇರುತ್ತಲ್ಲ, ಹಾಗೆ." ಕಣ್ಣು ಮುಚ್ಚಿದ. "ಇನ್ನೊಂಚೂರು. ಇನ್ನೊಂ... ತಡೀರಿ. ಆಯ್ತು. ಒಂದೇ ಆಯ್ತು."

ಹೀಗೆ ಮೇಲೆ ಮೇಲೆ ಹೋದರು. ಕೆಲವೊಮ್ಮೆ ಅವನು ತಪ್ಪು ಹೇಳಿ, ಮತ್ತೆ ಹಿಂದೆ ಬಂದರು. ಅವನ ಹಣೆಯಲ್ಲಿ ಬೆವರು ಮೂಡಿತು. ತೂಗುಗುಂಡು ಇಳಿಬಿಟ್ಟು ಗೋಡೆ ನೋಡುವಾಗ ಅವನ ಮುಖ ಹೀಗೇ ಇರಬೇಕು ಎಂದುಕೊಂಡಳು. ಕೊನೆಯ ಸ್ವರವನ್ನು ಅವಳು ಎರಡು ಸಲ ಒತ್ತಿದಳು.

"ಹೇಗಿದೆ?"

ಅವನು ಯೋಚಿಸಿದ. "ಗಾರೆ ಹಚ್ಚೋ ಕರಣಿ ತುದಿ ಒಳ್ಳೆ ಇಟ್ಟಿಗೆಗೆ ತಾಗಿದ್ರೆ ಒಂದು ಸದ್ದು ಬರುತ್ತಲ್ಲ, ಅದರ ಮಗಳ ಮಗಳ ಹಾಗೆ."

ಅವಳು ಆ ಪಟ್ಟಿಯ ಮೇಲಿಂದ ಬೆರಳು ತೆಗೆಯಲಿಲ್ಲ. ಸ್ವರ ಕೇಳಿಸಲಿಲ್ಲ, ಆದರೆ ಅದು ಎಲ್ಲಿದೆ ಎಂದು ಗೊತ್ತಾಯಿತು. ಆಗ ಮೊದಲ ಬಾರಿಗೆ ಎಡಗಡೆ ತಿರುಗಿದಳು. ಕೆಳಗೆ ಹುಲ್ಲಿನ ಮೇಲೆ ಜನ ನಿಂತಿದ್ದರು. ಎದುರು ಮನೆಯವರು, ಮಾಡಿಗೆ ಹಲಗೆ ಬಡಿಯುತ್ತಿದ್ದವರು, ಬಸ್ಸಿಗೆ ಕಾಯುತ್ತಿದ್ದವರು, ಎಲ್ಲರ ಮುಖವೂ ಮೇಲೆ. ಅಷ್ಟು ಹೊತ್ತೂ ಅವರು ಅಲ್ಲೇ ಇದ್ದರೋ ಏನೋ.

"ಮುಗೀತಾ?" ಎಂದು ವರ್ಲೀನ್ ಕೆಳಗಿನಿಂದ ಕೂಗಿದಳು. "ಬೆಳಿಗ್ಗೆಯಿಂದ ಟಿಂಗ್ ಟಿಂಗ್ ಟಿಂಗ್. ಒಂದು ಹಾಡು ಬರುತ್ತಾ ಇಲ್ವಾ ನಿಮಗೆ?"

"ನಂಗೆ ಬರೀ ಶ್ರುತಿ ಮಾಡೋಕೆ ಬರೋದು, ವರ್ಲೀನ್."

"ಹಾಗಿದ್ರೆ ಶ್ರುತೀನೇ ಕೊಡಿ. ಉಳಿದಿದ್ದು ನಾನು ನೋಡ್ಕೊಳ್ತೀನಿ."

ಮಾರ್ಸೆಲ್ಲಾ ಮೂರು ಸ್ವರ ಕೂಡಿಸಿ ಒತ್ತಿದಳು. ವರ್ಲೀನ್ ಹುಲ್ಲಿನ ನಡುವೆ ನಿಂತು, ಆರ್ಡೀಲಿಯಾ ಭಾನುವಾರಗಳಲ್ಲಿ ನುಡಿಸುತ್ತಿದ್ದ ಹಾಡೆತ್ತಿದಳು. ಮಾರ್ಸೆಲ್ಲಾ ಹಾಡು ಗೊತ್ತಿಲ್ಲದೆಯೂ ಅದರ ಹಿಂದೆ ಹಿಂದೆ ಹೋದಳು, ಕತ್ತಲ ಮನೆಯಲ್ಲಿ ದೀಪ ಹಿಡಿದವರ ಹಿಂದೆ ಹೋಗುವ ಹಾಗೆ. ಒಬ್ಬೊಬ್ಬರಾಗಿ ಬೇರೆಯವರೂ ದನಿಗೂಡಿಸಿದರು. ಕೋಣೆಗೆ ಒಂದು ಗೋಡೆ ಇರಲಿಲ್ಲ, ಬೀದಿಗೆ ಮರ ಇರಲಿಲ್ಲ, ತಡೆಯುವಂಥದ್ದೇನೂ ಇರಲಿಲ್ಲ; ಹಾಡು ಎಲ್ಲಿಯವರೆಗೆ ಹೋಯಿತೋ. ಲೂಷಿಯಸ್ ನೆಲದ ಮೇಲೆ, ಮಳೆಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನು ಅತ್ತನೋ ಇಲ್ಲವೋ ಅವಳು ನೋಡಲಿಲ್ಲ.

ಬೇಸಿಗೆಯೆಲ್ಲ ಗೋಡೆ ಮೇಲೇರಿತು. ಲೂಷಿಯಸ್ ಮತ್ತು ಅವನ ಜೊತೆಗಾರರು, ಎಲ್ಲರೂ ಮುದುಕರು, ಬಿಸಿಲು ಏರುವ ಮುಂಚೆ ಕೆಲಸ ಮಾಡಿ, ಮಧ್ಯಾಹ್ನ ನೆರಳಿಗೆ ಕೂತು ಒಬ್ಬರ ಕೆಲಸವನ್ನು ಒಬ್ಬರು ಆಡಿಕೊಳ್ಳುತ್ತಿದ್ದರು. ಇಟ್ಟಿಗೆ ಸಾಲದೆ ಬಂದಾಗ ಪಕ್ಕದ ಬೀದಿಯವರು, ತಮ್ಮ ಮನೆ ಕಟ್ಟುವ ಆಸೆ ಬಿಟ್ಟವರು, ತಮ್ಮ ರಾಶಿಯಿಂದ ಕೊಟ್ಟರು. ಮೇಲಿನ ಸಾಲುಗಳ ಬಣ್ಣ ಒಂದಿಷ್ಟು ಬೇರೆಯಾಯಿತು. ಮಾರ್ಸೆಲ್ಲಾ ಅವನ್ನೂ ತಟ್ಟಿ ನೋಡಿಯೇ ಕಳಿಸಿದಳು.

ಗೋಡೆ ಪಿಯಾನೋ ಇದ್ದ ಮಟ್ಟಕ್ಕೆ ಬಂದ ದಿನ ಲೂಷಿಯಸ್ ಅವಳನ್ನು ಅಟ್ಟಣಿಗೆಯ ಕೆಳಗೆ ಕರೆದ. "ಇಲ್ಲಿ ಮೊದಲು ಕಿಟಕಿ ಇರ್ಲಿಲ್ಲ. ಪಕ್ಕದಲ್ಲಿ ಆಗ ಮನೆ ಇತ್ತು, ಕೈ ಚಾಚಿದ್ರೆ ಅವರ ಗೋಡೆ. ಈಗ ಹುಲ್ಲು. ಒಂದು ಕಿಟಕಿ ಇಡ್ಲಾ?"

"ಕಿಟಕಿ ಹತ್ರ ಪಿಯಾನೋ ಇಡೋದು ಒಳ್ಳೇದಲ್ಲ" ಎಂದಳು ಮಾರ್ಸೆಲ್ಲಾ. "ಬಿಸಿಲು, ಚಳಿ. ಮತ್ತೆ ಮತ್ತೆ ಶ್ರುತಿ ಇಳಿಯುತ್ತೆ. ಪದೇ ಪದೇ ಬರ್ಬೇಕಾಗುತ್ತೆ."

"ಅದಕ್ಕೇ ಕೇಳ್ದೆ."

ಅವಳು ಗೋಡೆಯನ್ನು ನೋಡಿದಳು, ಅವನನ್ನು ನೋಡಿದಳು. "ಹಾಗಿದ್ರೆ ಇಡಿ. ಸ್ವಲ್ಪ ದೊಡ್ಡದೇ ಇಡಿ."

ಸೆಪ್ಟೆಂಬರಿನಲ್ಲಿ ಕಿಟಕಿಯ ಕಮಾನು ಮುಗಿಯಿತು. ಇಟ್ಟಿಗೆಗಳು ಬಾಗಿ ನಿಲ್ಲಲು ಒಳಗೆ ಮರದ ಅಚ್ಚು ಕೊಟ್ಟಿದ್ದರು. ಗಾರೆ ಬಿಗಿದುಕೊಂಡ ಮೇಲೆ ಅದನ್ನು ತೆಗೆಯಬೇಕು. ಲೂಷಿಯಸ್ ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟ. ಅವಳು ಅಟ್ಟಣಿಗೆಯ ಮೇಲೆ ನಿಂತು ಅಚ್ಚಿನ ಕೆಳಗಿನ ಬೆಣೆಯನ್ನು ಮೆಲ್ಲಗೆ ತಟ್ಟಿದಳು. ಅಚ್ಚು ಜಾರಿತು. ಕಮಾನು ಒಂದು ಕ್ಷಣ, ಕೂತುಕೊಳ್ಳುವ ಮನುಷ್ಯನಂತೆ, ಕಾಣದಷ್ಟು ಕೆಳಗಿಳಿದು ನಿಂತಿತು. ಸಣ್ಣದೊಂದು ಸದ್ದಾಯಿತು ಎಂದು ಲೂಷಿಯಸ್ ಹೇಳಿದ. ಅವಳಿಗೆ ಅದು ಅಂಗೈಯಲ್ಲಿ ತಿಳಿಯಿತು.

ಕೆಳಗೆ ವರ್ಲೀನ್ ಹಂದಿಮಾಂಸದ ತುಂಡುಗಳನ್ನು ಕೆಂಡದ ಮೇಲೆ ಹೊರಳಿಸುತ್ತ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. "ಇನ್ಮೇಲೆ ನಿನ್ನ ಬಚ್ಚಲುಮನೆ ಕಾಣಲ್ಲ, ಲೂಷಿಯಸ್. ಬಸ್ಸಿನೋರಿಗೆಲ್ಲ ಬೇಜಾರಾಗುತ್ತೆ."

ಊಟವಾದ ಮೇಲೆ, ಬಿಸಿಲು ಹೊಸ ಗೋಡೆಯ ಮೇಲೆ ಒರಗಿದಾಗ, ಎರಡು ಕೆಂಪುಗಳ ನಡುವಿನ ಗೆರೆ ಮಾಸಿ ಇಡೀ ಗೋಡೆ ಒಂದೇ ಸಮನೆ ಉರಿಯುವಂತೆ ಕಂಡಿತು. ಮಾರ್ಸೆಲ್ಲಾ ತಟ್ಟೆಯನ್ನು ಕೈಯಲ್ಲೇ ಹಿಡಿದು ಅದನ್ನು ನೋಡುತ್ತಿದ್ದಳು.

"ಭಾನುವಾರ ಎಲ್ಲಿಗೆ?" ಎಂದು ಲೂಷಿಯಸ್ ಕೇಳಿದ.

"ದಕ್ಷಿಣಕ್ಕೆ, ನದಿ ದಂಡೆ ಹಿಡಿದು ಹೋಗೋಣ. ಆ ಕಡೆ ನಾನು ಒಳಗೆ ಹೋಗದೇ ಇರೋ ಮನೆಗಳಿವೆ."

"ನಾನು ಹೊರಗೂ ನೋಡಿಲ್ಲ" ಎಂದ ಅವನು. ಆಮೇಲೆ ಎದ್ದು ಕರಣಿಗಳನ್ನು ತೊಳೆಯಲು ಹೋದ.